ಅಯ್ಯನವರ ಕಪಾಟು

ಶನಿವಾರ ಮಧ್ಯಾಹ್ನ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಲ್ಲಿ ನಿಂತಾಗ, ಇಳಿದವರ ಕಾಲು ಎತ್ತ ತಿರುಗುತ್ತದೆ ನೋಡಬೇಕು. ಪೀಣ್ಯದಲ್ಲಿ ಪಾಳಿ ಮುಗಿಸಿದವರು ಬಾಗಲಗುಂಟೆ ಕಡೆ ಹೊರಡುತ್ತಾರೆ. ಮಕ್ಕಳು ಮರಿ ಕಟ್ಟಿಕೊಂಡು ಬಂದವರು ಮಾತ್ರ ಐಕಿಯಾ ಎಂಬ ಪೀಠೋಪಕರಣದ ಅಂಗಡಿಯ ಕಡೆ. 2015ರ ಮೇ 1ರಂದು ಮೆಟ್ರೊ ಇಲ್ಲಿಗೆ ಬಂತು. ಆಮೇಲೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೊನೆಯ ನಿಲ್ದಾಣ. ರೈಲಿನ ಹಣೆಯ ಮೇಲೆ ಹೆಸರಿದ್ದುದರಿಂದ, ಊರು ನೋಡದವರ ಬಾಯಲ್ಲೂ ನಾಗಸಂದ್ರ ನಲಿದಾಡಿತು. ಐಕಿಯಾ ಬಾಗಿಲು ತೆರೆದದ್ದು 2022ರ ಜೂನ್ 22ರಂದು, 4.6 ಲಕ್ಷ ಚದರಡಿಯ ಹರವಿನಲ್ಲಿ.

ಆ ಅಂಗಡಿಯ ಸಾಮಾನುಗಳಲ್ಲಿ ನನಗೆ ಕುತೂಹಲ ಇರುವುದು ಒಂದರಲ್ಲೇ: ‘ಬಿಲ್ಲಿ’ ಎಂಬ ಪುಸ್ತಕದ ಕಪಾಟು. 1979ರಿಂದ ಜಗತ್ತಿನಾದ್ಯಂತ ಮಾರಾಟವಾಗುತ್ತಿರುವ ಸರಕು. 80 ಸೆಂಟಿಮೀಟರ್ ಅಗಲದ ಕಪಾಟಿನ ಒಂದೊಂದು ಹಲಗೆ 30 ಕಿಲೋ ಹೊರುತ್ತದಂತೆ. ಕೊಂಡವರ ಮನೆಗೆ ಹೋಗಿ ನೋಡಿದರೆ ಅದರ ಮೇಲೆ ಮಕ್ಕಳ ಟ್ರೋಫಿ, ಮನಿಪ್ಲಾಂಟು, ವೈಫೈ ಡಬ್ಬ, ಮದುವೆ ಫೋಟೊ. ಪುಸ್ತಕ ಇದ್ದರೆ ಒಂದು ಸಾಲು.

ಐಕಿಯಾ ಇರುವ ಬೀದಿಯದೇ ಇನ್ನೊಂದು ಮಗ್ಗುಲಲ್ಲಿ ತಕ್ಕಡಿ ಇಟ್ಟುಕೊಂಡ ರದ್ದಿ ಅಂಗಡಿಗಳಿವೆ. ಒಂದು ಕಡೆ ಪುಸ್ತಕವಿಲ್ಲದ ಕಪಾಟು ಮಾರುತ್ತಾರೆ, ಇನ್ನೊಂದು ಕಡೆ ಕಪಾಟು ಕಳೆದುಕೊಂಡ ಪುಸ್ತಕ ಕೊಳ್ಳುತ್ತಾರೆ. ಈ ಎರಡರ ನಡುವೆ ಸಿಕ್ಕಿಕೊಳ್ಳುವ ಒಂದು ಬಗೆಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಳೆ ಮೈಸೂರು ಸೀಮೆಯ ಪ್ರೊಟೆಸ್ಟೆಂಟ್ ಕ್ರೈಸ್ತರು ತಮ್ಮ ಸಭಾಪಾಲಕರನ್ನು ‘ಅಯ್ಯನವರು’ ಅನ್ನುತ್ತಾರೆ. ಅಂಥ ಒಬ್ಬ ಅಯ್ಯನವರು. ಅರ್ಧ ಆಯುಷ್ಯ ಸೆಮಿನರಿಯಲ್ಲಿ ಹೀಬ್ರೂ, ಗ್ರೀಕು ಪಾಠ ಹೇಳಿದವರು, ಉಳಿದರ್ಧ ಸಭೆ ನಡೆಸಿದವರು. ನಿವೃತ್ತಿಯ ಮೇಲೆ ಮಗಳ ಮನೆಗೆ ಹತ್ತಿರವಾಗಲೆಂದು ತುಮಕೂರು ರಸ್ತೆಯ ಎರಡು ಕೋಣೆಯ ಫ್ಲಾಟಿಗೆ ಬಂದರು. ಪಾರ್ಸನೇಜಿನ ಎತ್ತರದ ಗೋಡೆಗಳಲ್ಲಿದ್ದ ಪುಸ್ತಕಗಳು ಇಲ್ಲಿ ಮಂಚದ ಕೆಳಗೆ, ಲಾಫ್ಟಿನ ಮೇಲೆ, ಬಾಲ್ಕನಿಯ ಟ್ರಂಕಿನೊಳಗೆ ಸೇರಿಕೊಂಡವು. ಈಗ ಅವರಿಲ್ಲ. ನಲವತ್ತನೇ ದಿನದ ಪ್ರಾರ್ಥನೆ ಮುಗಿದಿದೆ. ಫ್ಲಾಟು ಬಾಡಿಗೆಗೆ ಹೋಗಬೇಕು. ಎರಡೋ ಮೂರೋ ಸಾವಿರ ಪುಸ್ತಕ ಏನು ಮಾಡುವುದು? ಇದು ಯಾರೋ ಒಬ್ಬರ ಮನೆಯ ಕತೆಯಲ್ಲ, ವಿದ್ವಾಂಸರಿದ್ದ ಮನೆಗಳ ಕತೆ. ಜಾತಿ ಧರ್ಮ ಬದಲಾದರೆ ಪುಸ್ತಕದ ಹೆಸರು ಬದಲಾದೀತು, ಲಾಫ್ಟು ಅದೇ.

ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ದಪ್ಪನೆಯ, ಚರ್ಮದ ರಟ್ಟಿನ, ಬಂಗಾರದ ಅಕ್ಷರದ ವಿದೇಶಿ ಸಂಪುಟಗಳನ್ನು ‘ಬೆಲೆಬಾಳುವವು’ ಎಂದು ಒರೆಸಿ ಮೇಜಿನ ಮೇಲೆ ಜೋಡಿಸುತ್ತಾರೆ. ಹಳದಿಯಾದ, ರಟ್ಟು ಕಿತ್ತ, ಕನ್ನಡದ ತೆಳು ಪುಸ್ತಿಕೆಗಳನ್ನು ಗೋಣಿಚೀಲಕ್ಕೆ ತುಂಬುತ್ತಾರೆ. ಮಾರುಕಟ್ಟೆಯ ಲೆಕ್ಕ ಬಹುಮಟ್ಟಿಗೆ ಇದಕ್ಕೆ ತಿರುವುಮುರುವು.

ಮ್ಯಾಥ್ಯೂ ಹೆನ್ರಿಯ ಬೈಬಲ್ ವ್ಯಾಖ್ಯಾನವನ್ನೇ ತೆಗೆದುಕೊಳ್ಳಿ. ಹದಿನೆಂಟನೇ ಶತಮಾನದ ಆರಂಭದ್ದು. ಇಂಗ್ಲಿಷ್ ಓದುವ ಪಾದ್ರಿಗಳ ಮನೆಯಲ್ಲಿ ಇದು ಇಲ್ಲದಿದ್ದರೆ ಆಶ್ಚರ್ಯ. ಮೂರು ಶತಮಾನ ಮರುಮುದ್ರಣ ಆಗುತ್ತಲೇ ಇರುವ ಪುಸ್ತಕಕ್ಕೆ ಅಪರೂಪದ ಬೆಲೆ ಎಲ್ಲಿಂದ ಬರಬೇಕು? ‘ಥಿಯೊಲಾಜಿಕಲ್ ಡಿಕ್ಷನರಿ ಆಫ್ ದ ನ್ಯೂ ಟೆಸ್ಟಮೆಂಟ್’ ಎಂಬ ಹತ್ತು ಸಂಪುಟದ ಕೋಶ ಇನ್ನೊಂದು ಉದಾಹರಣೆ. ಇಂಗ್ಲಿಷಿನಲ್ಲಿ 1964ರಿಂದ 1976ರವರೆಗೆ ಹೊರಬಂದ ಇದನ್ನು ಸೆಮಿನರಿ ಮೇಷ್ಟ್ರು ಸಂಬಳ ಉಳಿಸಿ ಒಂದೊಂದೇ ಸಂಪುಟವಾಗಿ ತರಿಸಿಕೊಳ್ಳುತ್ತಿದ್ದರು. ಈಗ ಅದು ಲೋಗೋಸ್ ತರದ ಬೈಬಲ್ ಸಾಫ್ಟ್‌ವೇರಿನಲ್ಲಿ ಬೆರಳ ತುದಿಗೆ ಸಿಗುತ್ತದೆ. ಹುಡುಕಿದ ಗ್ರೀಕ್ ಪದ ಕ್ಷಣದಲ್ಲಿ ಎದುರು ನಿಲ್ಲುವಾಗ ಹತ್ತು ಸಂಪುಟ ಹೊರುವ ಯುವ ಪಾದ್ರಿ ಸಿಗುವುದು ಕಷ್ಟ.

ಇಲ್ಲೊಂದು ತಮಾಷೆ ಇದೆ. ಆ ಗ್ರೀಕ್ ಕೋಶವನ್ನು ಓದುಗರು ಕರೆಯುವುದು ‘ಕಿಟ್ಟೆಲ್’ ಎಂದು. ಅದರ ಸಂಪಾದಕ ಜರ್ಮನಿಯ ಗೆರ್ಹಾರ್ಡ್ ಕಿಟ್ಟೆಲ್. ಅವನ ತಂದೆ ರುಡಾಲ್ಫ್ ಕಿಟ್ಟೆಲ್ 1906ರಲ್ಲಿ ಹೀಬ್ರೂ ಬೈಬಲಿನ ಪರಿಷ್ಕೃತ ಪಠ್ಯ ತಂದವನು. ಅದನ್ನೂ ಓದುಗರು ‘ಕಿಟ್ಟೆಲ್’ ಅಂತಲೇ ಅನ್ನುತ್ತಾರೆ. ಮೂರನೆಯವರು ಕನ್ನಡ ಕೋಶದ ನಮ್ಮ ಫರ್ಡಿನಾಂಡ್ ಕಿಟ್ಟೆಲ್, ಬೆಂಗಳೂರಿನಲ್ಲಿ ಪ್ರತಿಮೆಯಾಗಿ ನಿಂತವರು, ಆಸ್ಟಿನ್ ಟೌನಿಗೆ ಹೆಸರಾದವರು. ಒಬ್ಬ ಕನ್ನಡ ಕ್ರೈಸ್ತ ವಿದ್ವಾಂಸನ ಕಪಾಟಿನಲ್ಲಿ ಈ ಮೂರೂ ಕಿಟ್ಟೆಲ್ಲುಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ‘ಕಿಟ್ಟೆಲ್ ಇದೆ’ ಎಂದು ಫೋನಿನಲ್ಲಿ ಹೇಳಿದರೆ ಅಂಗಡಿಯವರು ‘ಯಾವ ಕಿಟ್ಟೆಲ್?’ ಎಂದು ಕೇಳಲೇಬೇಕು. ಗೆರ್ಹಾರ್ಡ್ ನಾಜಿ ಪಕ್ಷ ಸೇರಿದ್ದವನು. 1945ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಫ್ರೆಂಚರ ಕೈಗೆ ಸೆರೆಯಾದ. ಅದೇ ಟ್ಯೂಬಿಂಗೆನ್ನಿನಲ್ಲಿ 1903ರಲ್ಲಿ ನಮ್ಮ ಕಿಟ್ಟೆಲ್ ಕಣ್ಣು ಮುಚ್ಚಿದ್ದರು.

ನಮ್ಮ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶ ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದ. ಮನೆಯಲ್ಲಿರುವುದು ಆ 1894ರ ಪ್ರತಿಯೋ, ದೆಹಲಿಯ ಮರುಮುದ್ರಣವೋ, ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರವರೆಗೆ ತಂದ ನಾಲ್ಕು ಸಂಪುಟವೋ ಎಂಬುದರ ಮೇಲೆ ಬೆಲೆ ಬೇರೆಯಾಗುತ್ತದೆ. ಹೊರಗಿನ ಬೈಂಡು ನೋಡಿ ಇದನ್ನು ಹೇಳಲಾಗದು. ಮುಖಪುಟದ ಹಿಂದಿನ ಹಾಳೆ, ಅಂದರೆ ಎಲ್ಲಿ, ಯಾರು, ಯಾವ ವರ್ಷ ಅಚ್ಚು ಹಾಕಿದರು ಎಂಬ ನಾಲ್ಕು ಸಾಲು ಓದಬೇಕು. ಕೋಶದ ಮಟ್ಟಿಗೆ ಮರಿಯಪ್ಪ ಭಟ್ಟರ ಸಂಪುಟಗಳು ಓದುವವನಿಗೆ ಹೆಚ್ಚು ಉಪಯೋಗ, 1894ರದ್ದು ಸಂಗ್ರಾಹಕನಿಗೆ ಹೆಚ್ಚು ಪ್ರೀತಿ. ಪುಸ್ತಕಕ್ಕೆ ಈ ಎರಡು ಬೆಲೆಗಳಿವೆ ಎಂಬುದು ಮಾರುವವರಿಗೆ ಗೊತ್ತಿರುವುದು ಒಳ್ಳೆಯದು.

ಇನ್ನು ಗೋಣಿಚೀಲಕ್ಕೆ ಬರೋಣ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರ ಹೊತ್ತಿಗೆ ಕಲ್ಲಚ್ಚಿನ ಮುದ್ರಣ ಶುರುಮಾಡಿತು. ಕಲ್ಲಚ್ಚಿನಲ್ಲಿ ಸೀಸದ ಮೊಳೆ ಇಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಲ್ಲೇ ಬರೆದದ್ದನ್ನು ನಯವಾದ ಕಲ್ಲಿಗೆ ಇಳಿಸುತ್ತಾರೆ. ನೀರೂ ಎಣ್ಣೆಯೂ ಕೂಡದ ಗುಣದಿಂದ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಹಾಗಾಗಿ ಅಚ್ಚಾಗಿ ಬಂದದ್ದು ಕೈಬರಹದಂತೆಯೇ ಕಾಣುತ್ತದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಹೀಗೆ ಕಲ್ಲಿನಿಂದ ಎದ್ದದ್ದು. 1848ರ ನಂತರ ಆತ ಪ್ರಕಟಿಸಿದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಬಂದವು. ಖರ್ಚು ಕೊಟ್ಟದ್ದು ಕಂಪನಿ ಸರ್ಕಾರದಲ್ಲಿ ನ್ಯಾಯಾಧೀಶನಾಗಿದ್ದ ಕ್ಯಾಸಮೇಜರ್ ಎಂಬಾತ. ಪಾದ್ರಿಯೊಬ್ಬ ಹರಿದಾಸರನ್ನು ಅಚ್ಚಿಗಿಳಿಸಿದ ಈ ಕೆಲಸಕ್ಕೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇಂಥ ಒಂದು ಕಲ್ಲಚ್ಚಿನ ಪುಸ್ತಕ ಲಾಫ್ಟಿನಲ್ಲಿ ಸಿಕ್ಕರೆ, ಅದನ್ನು ‘ತಾತನ ಹಳೇ ನೋಟ್‌ಬುಕ್ಕು’ ಎಂದು ಚೀಲಕ್ಕೆ ಹಾಕುವ ಸಾಧ್ಯತೆಯೇ ಹೆಚ್ಚು.

ಚೀಲದಲ್ಲಿ ಇನ್ನೂ ಏನಿರಬಹುದು? ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಶುರುಮಾಡಿ 1831ರ ಹೊತ್ತಿಗೆ ಪೂರ್ತಿಯಾದ ಕನ್ನಡ ಬೈಬಲಿನ ನಂತರದ ಪರಿಷ್ಕರಣಗಳ ಬಿಡಿ ಭಾಗಗಳು. ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಿಂದ 1887ರಲ್ಲಿ ಆರಂಭವಾದ ‘ವೃತ್ತಾಂತ ಪತ್ರಿಕೆ’ಯ ಸಂಚಿಕೆ. ಕೀರ್ತನೆ ಪುಸ್ತಕ, ಭಾನುವಾರ ಶಾಲೆಯ ಪಾಠ, ಸಭೆಯ ಪಂಚಾಂಗ, ಹದಿನಾರು ಪುಟದ ಟ್ರ್ಯಾಕ್ಟು. ಮನೆಯವರು ಮಂಗಳೂರಿನ ಕಥೋಲಿಕರಾದರೆ 1938ರಲ್ಲಿ ಹುಟ್ಟಿದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ದ ಕನ್ನಡ ಲಿಪಿಯ ಕಟ್ಟು. ಇವನ್ನು ಅಚ್ಚು ಹಾಕಿದಾಗ ಕಾಸಿಗೋ ಬಿಟ್ಟಿಯೋ ಹಂಚಿದರು, ಜನ ಓದಿ ಬಿಸಾಡಿದರು. ಬಿಸಾಡಿದ್ದರಿಂದಲೇ ಇವತ್ತು ಅಪರೂಪ. ಮ್ಯಾಥ್ಯೂ ಹೆನ್ರಿ ಲಂಡನ್ನಿನಲ್ಲೂ ಸಿಗುತ್ತಾನೆ. ಮಂಗಳೂರಿನ ಬಲ್ಮಠದಲ್ಲಿ ಅಚ್ಚಾದ ಹದಿನಾರು ಪುಟ ಇನ್ನೆಲ್ಲೂ ಸಿಗದೆ ಹೋಗಬಹುದು.

ಕಾಗದವೂ ಇದರಲ್ಲಿ ಕೈಜೋಡಿಸುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಮಸಿ ಹರಡದಂತೆ ಅದಕ್ಕೆ ಪಟಿಕ, ರಾಳ ಬೆರೆಸುತ್ತಿದ್ದರು. ಅದು ನಿಧಾನಕ್ಕೆ ಆಮ್ಲವಾಗಿ ಕಾಗದವನ್ನು ಒಳಗಿನಿಂದ ತಿನ್ನುತ್ತದೆ. 1840ರ ಪುಸ್ತಕ ಗಟ್ಟಿಯಾಗಿದ್ದು 1920ರದ್ದು ಹಪ್ಪಳದಂತೆ ಮುರಿಯುವುದು ಇದರಿಂದ. ಮುರಿಯುವ ಹಾಳೆಗೆ ಸೆಲೋಟೇಪು ಹಚ್ಚಿ ಉಪಕಾರ ಮಾಡುವವರನ್ನು ತಡೆಯಿರಿ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಅಕ್ಷರವನ್ನೇ ನುಂಗುತ್ತದೆ.

ಇಷ್ಟಾದರೂ ಬೆಲೆಯ ಮಾತು ನನಗೆ ಎರಡನೆಯದು. ವಿದ್ವಾಂಸನ ಸಂಗ್ರಹದಲ್ಲಿ ನಿಜವಾಗಿ ಅಪರೂಪವಾದದ್ದು ಯಾವ ಒಂದು ಪುಸ್ತಕವೂ ಅಲ್ಲ, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬುದು, ಮತ್ತು ಅಂಚಿನಲ್ಲಿ ಪೆನ್ಸಿಲ್ ಏನು ಗೀಚಿತ್ತು ಎಂಬುದು. ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿಯಾದವರು. ಸಭೆಯ ಕೆಲಸಕ್ಕೆಂದು ಊರೂರು ತಿರುಗುವಾಗ ಓಲೆಗರಿ, ಕೈಬರಹ, ಜನರ ಬಾಯಿ ಎಲ್ಲದರಿಂದ ಸರ್ವಜ್ಞನನ್ನು ಹೆಕ್ಕಿ, 1924ರಲ್ಲಿ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಸಂಪಾದಿಸಿ ಕೊಟ್ಟರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದುಕೊಂಡ ಅವರು 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸತ್ಯವೇದದ ಪಕ್ಕದಲ್ಲಿ ಸಿದ್ಧರಾಮನೂ ಮೋಳಿಗೆ ಮಾರಯ್ಯನೂ ಇದ್ದ ಮನಸ್ಸು ಅದು. ಅಂಥ ಮನಸ್ಸಿನ ಕಪಾಟನ್ನು ವಿಂಗಡಿಸಲು ಬಂದವರು ‘ಕ್ರೈಸ್ತ ಪುಸ್ತಕ ಸೆಮಿನರಿಗೆ, ವಚನ ಮಠಕ್ಕೆ, ನಿಘಂಟು ಅಂಗಡಿಗೆ’ ಎಂದು ಮೂರು ಗುಡ್ಡೆ ಮಾಡಿದರೆ ಪುಸ್ತಕಗಳೆಲ್ಲ ಉಳಿದಾವು, ಮನಸ್ಸು ಉಳಿಯದು.

ಹಾಗೆಂದು ಇಡಿಯಾಗಿಯೇ ಮಾರಬೇಕೆ? ಲೋಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಬರ್ಲಿನ್ನಿನ ಚರ್ಚ್ ಇತಿಹಾಸಕಾರ ಆಗಸ್ಟ್ ನಿಯಾಂಡರ್ 1850ರಲ್ಲಿ ತೀರಿಕೊಂಡಾಗ ಅವನ ಗ್ರಂಥಭಂಡಾರವನ್ನು ಅಮೆರಿಕದ ರೋಚೆಸ್ಟರ್ ಸೆಮಿನರಿ ಕೊಂಡು ಹಡಗಿನಲ್ಲಿ ತರಿಸಿಕೊಂಡಿತು. ಲಂಡನ್ನಿನ ಪ್ರಸಿದ್ಧ ಬೋಧಕ ಸ್ಪರ್ಜನ್‌ನದು ಇನ್ನೂ ಸ್ವಾರಸ್ಯ. 1892ರಲ್ಲಿ ಆತ ತೀರಿಕೊಂಡಾಗ ಸುಮಾರು 12,000 ಪುಸ್ತಕ ಬಿಟ್ಟುಹೋಗಿದ್ದ. ಒಂದಷ್ಟು ಹಂಚಿಹೋದ ಮೇಲೆ ಉಳಿದದ್ದನ್ನು 1905-06ರ ಸುಮಾರಿಗೆ ಅಮೆರಿಕದ ಮಿಸೌರಿಯ ವಿಲಿಯಂ ಜ್ಯುವೆಲ್ ಕಾಲೇಜು 500 ಪೌಂಡಿಗೆ ಕೊಂಡಿತು. ನೂರು ವರ್ಷ ಕಳೆದು, 2006ರಲ್ಲಿ, ಅದೇ ಸಂಗ್ರಹ ಕಾನ್ಸಾಸ್ ಸಿಟಿಯ ಸೆಮಿನರಿಯೊಂದಕ್ಕೆ ಮಾರಾಟವಾದದ್ದು 4 ಲಕ್ಷ ಡಾಲರಿಗೆ. ಬಿಡಿಬಿಡಿಯಾಗಿ ಹೋಗಿದ್ದರೆ ಅದು ಯಾವುದೋ ಹಳೆ ವ್ಯಾಖ್ಯಾನಗಳ ರಾಶಿ. ಒಟ್ಟಿಗೆ ಇದ್ದುದರಿಂದ, ಸ್ಪರ್ಜನ್ ಅಂಚಿನಲ್ಲಿ ಬರೆದ ಟೀಕೆಗಳ ಸಮೇತ, ಒಂದು ತಲೆಯ ನಕ್ಷೆ.

ನಮ್ಮ ಮಗ್ಗುಲಿನ ಉದಾಹರಣೆ ಹರ್ಮನ್ ಗುಂಡರ್ಟ್. ತಲಶ್ಶೇರಿಯಲ್ಲಿದ್ದ ಬಾಸೆಲ್ ಮಿಷನರಿ. ಅವನ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. 1893ರಲ್ಲಿ ಜರ್ಮನಿಯ ಕಾಲ್ವ್ ಊರಲ್ಲಿ ತೀರಿಕೊಂಡ. ಆ ಮನೆಯ ಪುಸ್ತಕಗಳ ನಡುವೆ ಓದುತ್ತಾ ಬೆಳೆದ ಮೊಮ್ಮಗನೇ ಮುಂದೆ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಗುಂಡರ್ಟನ ಹಸ್ತಪ್ರತಿ, ಪುಸ್ತಕಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಸೇರಿ ಎಷ್ಟೋ ದಶಕ ಯಾರ ಗಮನಕ್ಕೂ ಬಾರದೆ ಕುಳಿತಿದ್ದವು. ವಿದ್ವಾಂಸರು ಅವನ್ನು ಮತ್ತೆ ಗುರುತಿಸಿದ್ದು 1980ರ ದಶಕದಲ್ಲಿ. 2018ರಲ್ಲಿ ಅವೆಲ್ಲ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದುಕೊಂಡವು. ಮಲಯಾಳಂ ಜೊತೆ ಕನ್ನಡ, ತುಳು ಪುಸ್ತಕಗಳೂ ಅದರಲ್ಲಿವೆ. ಮಂಗಳೂರಿನ ಅಚ್ಚನ್ನು ನಾವು ಜರ್ಮನಿಯ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೇವೆ. ಸಂಕಟವೋ ಸಮಾಧಾನವೋ, ಎರಡೂ ಅನ್ನಿಸುತ್ತದೆ.

ಆದರೆ ನಾಗಸಂದ್ರದ ಫ್ಲಾಟಿಗೆ ರೋಚೆಸ್ಟರ್ ಬರುವುದಿಲ್ಲ. ಬರುವವರು ಚರ್ಚ್ ಸ್ಟ್ರೀಟಿನ, ಅವೆನ್ಯೂ ರಸ್ತೆಯ ಹಳೆ ಪುಸ್ತಕದವರು. ಅವರ ಮೇಲೆ ಮನೆಯವರಿಗೆ ಯಾವಾಗಲೂ ಅನುಮಾನ: ‘ನಮ್ಮಿಂದ ನೂರಕ್ಕೆ ತಗೊಂಡು ನಾನೂರಕ್ಕೆ ಮಾರ್ತಾನೆ’. ಮಾರುತ್ತಾನೆ, ನಿಜ. ಆದರೆ ಕೊಂಡ ನೂರು ಪುಸ್ತಕದಲ್ಲಿ ಹತ್ತು ಬೇಗ ಹೋಗುತ್ತವೆ, ಇನ್ನು ಮೂವತ್ತು ಪುಸ್ತಕ ವರ್ಷಗಟ್ಟಲೆ ಬಾಡಿಗೆ ಜಾಗದಲ್ಲಿ ಕೂರುತ್ತವೆ, ಉಳಿದವು ಕೊನೆಗೆ ಅವನಿಂದಲೂ ರದ್ದಿಗೇ. ಮಾರುವ ಬೆಲೆಯ ಮೂರನೇ ಒಂದೋ ನಾಲ್ಕನೇ ಒಂದೋ ಕೊಟ್ಟರೆ ಅದು ಮೋಸವಲ್ಲ, ಆ ವ್ಯಾಪಾರದ ಗಣಿತ. ಮೋಸ ಆಗುವುದು ಬೇರೆ ಕಡೆ. ಮನೆಯವರಿಗೇ ಏನಿದೆ ಎಂದು ಗೊತ್ತಿಲ್ಲದಿರುವಾಗ.

ಅದಕ್ಕೇ ಪಟ್ಟಿ. ಒರೆಸುವುದಕ್ಕೂ ಜೋಡಿಸುವುದಕ್ಕೂ ಮೊದಲು, ಪ್ರತಿ ಕಪಾಟನ್ನೂ ಪ್ರತಿ ಟ್ರಂಕನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ಫೋಟೊ ಹಿಡಿಯಬೇಕು. ಆಮೇಲೆ ಒಂದೊಂದಾಗಿ ಹೆಸರು, ಬರೆದವರು, ಅಚ್ಚಾದ ಊರು, ವರ್ಷ, ಮತ್ತು ಮುಖ್ಯವಾಗಿ ಒಳಗೆ ಯಾರ ಸಹಿ, ಯಾರಿಗೆ ಯಾವಾಗ ಕೊಟ್ಟದ್ದು, ಗೀಚು ಇದೆಯೇ ಇಲ್ಲವೇ. ಇಬ್ಬರು ಕೂತರೆ ಮೂರು ಸಾವಿರ ಪುಸ್ತಕಕ್ಕೆ ಕೆಲವು ವಾರಾಂತ್ಯ. ಕ್ಯಾಲಿಫೋರ್ನಿಯಾದಲ್ಲಿ ಮಗನಿದ್ದರೆ ಅವನು ಫೋಟೊ ನೋಡಿ ಅಲ್ಲಿಂದಲೇ ಟೈಪು ಮಾಡಬಹುದು. ಈ ಪಟ್ಟಿ ಇದ್ದರೆ ಸಂಗ್ರಹ ಚದುರಿದ ಮೇಲೂ ಕಾಗದದ ಮೇಲೆ ಒಟ್ಟಾಗಿ ಇರುತ್ತದೆ. ಇಡಿಯಾಗಿ ಕೊಳ್ಳುವವರು ಸಿಗದ ಊರಿನಲ್ಲಿ ನಾವು ಉಳಿಸಬಹುದಾದ ಇಡಿತನ ಅದೊಂದೇ.

ಪಟ್ಟಿ ಮಾಡುವಾಗಲೇ ಮಾರಬಾರದ್ದು ಬೇರೆಯಾಗುತ್ತದೆ. ಪಾದ್ರಿಗಳ ಮನೆಯಲ್ಲಿ ಎಂದೋ ವರ್ಗಾವಣೆಯ ಗಡಿಬಿಡಿಯಲ್ಲಿ ಬಂದುಬಿಟ್ಟ ದೀಕ್ಷಾಸ್ನಾನದ, ಮದುವೆಯ ರಿಜಿಸ್ಟರು ಇರುವುದುಂಟು. ಅದು ಸಭೆಯ ಸ್ವತ್ತು. ಸೆಮಿನರಿ ಲೈಬ್ರರಿಯ ಮೊಹರು ಹೊತ್ತ ಪುಸ್ತಕ, ದಂಡ ಕಟ್ಟುವ ಭಯ ಬಿಟ್ಟು ವಾಪಸು ಹೋಗಬೇಕು. ಪ್ರಸಂಗದ ಟಿಪ್ಪಣಿ, ಪತ್ರ, ಡೈರಿಗಳ ಕತೆ ಬೇರೆ. ಡೈರಿ ಮಾರಿದರೆ ಕಾಗದ ಮಾರಿದಂತಾಗುತ್ತದೆಯೇ ಹೊರತು ಅದನ್ನು ಅಚ್ಚು ಹಾಕಿಸುವ ಹಕ್ಕು ಮಾರಿದಂತಲ್ಲ. ಬದುಕಿದ್ದಾಗ ಪ್ರಕಟಿಸಿದ ಬರಹದ ಹಕ್ಕು, ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ವಾರಸುದಾರರದು. 1962ರಲ್ಲಿ ತೀರಿಕೊಂಡ ಉತ್ತಂಗಿಯವರ ಪ್ರಕಟಿತ ಕೃತಿಗಳು 2023ರ ಜನವರಿ 1ರಿಂದ ಎಲ್ಲರ ಸ್ವತ್ತಾದದ್ದು ಈ ಲೆಕ್ಕದಲ್ಲಿ. ವಾರಸುದಾರರು ಯಾರು? ಉಯಿಲು ಇಲ್ಲದಿದ್ದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತ ವಿಧವೆಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಫ್ಲಾಟಿಗೆ ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಪುಸ್ತಕಕ್ಕೂ ಅದೇ ಕಾಯ್ದೆ ಎಂಬುದು ಹೊಳೆಯುವುದು, ಒಬ್ಬ ಅಣ್ಣ ಒಬ್ಬನೇ ಮಾರಿ ಮುಗಿಸಿದ ಮೇಲೆ.

ಓಲೆಗರಿಯೋ ಹಳೆ ಹಸ್ತಪ್ರತಿಯೋ ಸಿಕ್ಕರೆ ಅವಸರ ಕೂಡದು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಸಾಹಿತ್ಯಿಕವಾಗಿಯೋ ಚಾರಿತ್ರಿಕವಾಗಿಯೋ ಮಹತ್ವದ ಹಸ್ತಪ್ರತಿಗೆ 75 ವರ್ಷವಾದರೆ ಅದು ಪುರಾತನ ವಸ್ತು. ಬೇರೆ ವಸ್ತುಗಳಿಗೆ 100 ವರ್ಷ. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಹೊರಗಿನ ಸಂಗ್ರಾಹಕ ಎಷ್ಟೇ ಡಾಲರ್ ಅಂದರೂ, ಮೊದಲು ಪುರಾತತ್ವ ಇಲಾಖೆಯವರ ಮಾತು ಕೇಳಬೇಕು.

ದಾನ ಕೊಟ್ಟರಾಯಿತಲ್ಲ ಅನ್ನುವವರಿದ್ದಾರೆ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿರುವ, 1910ರಲ್ಲಿ ಶುರುವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿಗೆ ತನ್ನದೇ ಪತ್ರಾಗಾರವಿದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಬಾಸೆಲ್ ಮಿಷನ್ನಿನ ಅಚ್ಚುಗಳನ್ನು ಕಾಪಾಡುತ್ತಿದೆ. ಫ್ರೆಂಚ್ ಪಾದ್ರಿ ತಬಾರ್ ಕಟ್ಟಿ ಬೆಳೆಸಿದ, 1909ರ ಮಿಥಿಕ್ ಸೊಸೈಟಿ ನೃಪತುಂಗ ರಸ್ತೆಯಲ್ಲಿದೆ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಸ್ವಂತ ದುಡಿಮೆಯಿಂದ ಲಕ್ಷಾಂತರ ಪುಸ್ತಕ ಕೂಡಿಹಾಕಿದ್ದಾರೆ. ಆದರೆ ಯಾವ ಗ್ರಂಥಾಲಯಕ್ಕೂ ಇನ್ನೊಂದು ಮ್ಯಾಥ್ಯೂ ಹೆನ್ರಿ ಬೇಡ. ‘ಎಲ್ಲ ತೆಗೆದುಕೊಳ್ಳಿ’ ಎಂದು ಟೆಂಪೊ ತಂದು ನಿಲ್ಲಿಸುವವರನ್ನು ಕಂಡರೆ ಗ್ರಂಥಪಾಲಕರಿಗೆ ಎದೆ ಧಸಕ್ಕೆನ್ನುತ್ತದೆ. ಇಲ್ಲೂ ಪಟ್ಟಿಯೇ ಬಾಗಿಲು ತೆರೆಯುವುದು: ಅವರಲ್ಲಿಲ್ಲದ ನಲವತ್ತು ಪುಸ್ತಕ ಅವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಉಳಿದದ್ದನ್ನು ಧಾರಾಳವಾಗಿ ಮಾರಿ. ಹಕ್ಕಿನ ಅವಧಿ ಮುಗಿದ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಬಿಡುಗಡೆ ಮಾಡುವ ಸ್ವಯಂಸೇವಕರೂ ಬೆಂಗಳೂರಿನಲ್ಲಿದ್ದಾರೆ. ಮಾರುವ ಮೊದಲು ಒಂದು ವಾರ ಅವರಿಗೆ ಎರವಲು ಕೊಟ್ಟರೆ, ಕೊಂಡವನಿಗೆ ಪುಸ್ತಕ, ಮಿಕ್ಕವರಿಗೆ ಪಠ್ಯ.

ಮಾರಾಟವನ್ನು ಕೆಲವರು ಪಾಪವೆಂಬಂತೆ ಆಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಯ್ಯನವರೂ ಅರ್ಧ ಪುಸ್ತಕ ಕೊಂಡದ್ದು ಯಾರೋ ತೀರಿಕೊಂಡವರ ಕಪಾಟಿನಿಂದಲೇ, ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದಲೇ ಇರಬೇಕು. ಒಳಗೆ ಹಿಂದಿನವನ ಹೆಸರು, ಅದರ ಕೆಳಗೆ ಇವರದು, ತಾರೀಖು, ಕೊಟ್ಟ ಬೆಲೆ. ಮೂರನೆಯ ಹೆಸರಿಗೆ ಜಾಗ ಬಿಟ್ಟೇ ಬರೆದಿರುತ್ತಾರೆ. ದುಡ್ಡು ಕೊಟ್ಟು ಒಯ್ದವನು ಓದುವ ಸಂಭವ, ಬಿಟ್ಟಿ ಪಡೆದು ಗೋದಾಮಿಗೆ ಹಾಕಿದವನಿಗಿಂತ ಸ್ವಲ್ಪ ಹೆಚ್ಚೇ.

ಪಟ್ಟಿ ಮಾಡಲು ಪುರುಸೊತ್ತಿಲ್ಲದ ಮನೆಗೆ ಕೊನೆಗೆ ಬರುವುದು ತಕ್ಕಡಿ. ಕಾಗದಕ್ಕೆ ಒಂದು ದರ, ರಟ್ಟಿಗೆ ಇನ್ನೊಂದು. ಗಿರಣಿ ಕಂಡು ಕಂದು ಕಾಗದವಾಗಿ, ಪೆಟ್ಟಿಗೆಯಾಗಿ, ಯಾವುದೋ ಹೊಸ ಕಪಾಟನ್ನು ಸುತ್ತಿಕೊಂಡು ಅದು ತುಮಕೂರು ರಸ್ತೆಗೇ ವಾಪಸು ಬಂದರೂ ಬಂದೀತು. ಅಂಗಡಿಯವನು ಗಟ್ಟಿ ಬೈಂಡಿನ ಪುಸ್ತಕವನ್ನು ಹಾಗೇ ತೂಗುವುದಿಲ್ಲ. ಮೊಣಕಾಲ ಮೇಲಿಟ್ಟುಕೊಂಡು, ಒಂದೇ ಎಳೆತಕ್ಕೆ ರಟ್ಟನ್ನು ಕಿತ್ತು ಬೇರೆ ರಾಶಿಗೆ ಎಸೆಯುತ್ತಾನೆ. ಹೆಸರುಗಳನ್ನು ಬರೆದಿರುವುದು ಆ ರಟ್ಟಿನ ಒಳಮೈಗೆ.